ಪಳಗಿದ ಬಂದೂಕು

ಮೂರನೇ ಗುಂಡೂ ಹಾರಿತು.

ಖಾಲಿ ಕಾಡತೂಸ ಬಂದೂಕಿನ ಬಗಲಿಂದ ಜಿಗಿದು ಬಿಸಿಬಿಸಿ ನನ್ನ ಚಪ್ಪಲಿ ಮ್ಯಾಲ ಬಿತ್ತು. ನಾ ಅದನ್ನ ನೋಡಕೋತ ಹಂಗ ನಿಂತೆ. ಮೊದಲನೇ ಕಾಡತೂಸನ ಒಳಗ ಸಿಕ್ಕೊಂಡು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೂರಕ್ಕ ಮೂರೂ ಬೆಣ್ಣ್ಯಾಗಿನ ಕೂದಲ ತಗದಂಗ ಹೊರಗ ಬಂದು ಬಿದ್ದಿದ್ದವು.

"ಆತಲ್ರಿ ಉಸ್ತಾದ? ಇನ್ನರೆ ಸಮಾಧಾನ ಆತಿಲ್ಲೊ?" ಹಿಂದ ನಿಂತಿದ್ದ ಅವಿನಾಶ ಸಾಹೇಬ ಕೇಳಿದ.

ಎಲ್ಲಿ ಸಮಾಧಾನ ತಗೊಂಡಿ. ಕೈಯಾಗಿನ ಬಂದೂಕು ಒಮ್ಮಿಂದೊಮ್ಮೆಲೆ ಒಂದು ಚೀಲ ಜ್ವಾಳದಷ್ಟು ಭಾರ ಆಗಿತ್ತು.

ಮಂಗಳವಾರ ಸಂಜಿಮುಂದ ಕರಜಗಿ ಹತ್ರ ತಮ್ಮ ಹೊಲದಾಗಿನ ವಸ್ತಿ ಮನ್ಯಾಗ ಶಿವಶರಣಪ್ಪ ಮಾಲಕ್ರು ಇದ ಬಂದೂಕಿನ ಮೂರು ಗುಂಡಿಗಿ ಸತ್ರು. ವಸ್ತಿ ಕಾಯೋ ಕೈಲಾಸ, ನನ್ನ ತಂಗಿ ಮಗ, "ನಾನ ಹೊಡದೀನಿ" ಅಂತ ಒಪ್ಪಿಕೊಂಡು ಲಾಕಪ್ಪಿನ್ಯಾಗ ಕುಂತಾನ. ಇವತ್ತ ಗುರುವಾರ ಮಧ್ಯಾನ ಮೂರಕ್ಕ ಅವನ್ನ ಕೋರ್ಟಿಗಿ ಒಯ್ಯವರು. ಅಷ್ಟರಾಗ ಅವನ ಮಾತು ಸುಳ್ಳಂತ ನಾ ತೋರಸಬೇಕಿತ್ತು.

ತೋರಸೇ ತೋರಸ್ತೀನಿ ಅಂತ ಬಡಾಯಿ ಬ್ಯಾರೆ ಹೊಡಕೊಂಡು ಬಂದಿದ್ದೆ. ನಾ ಕುಂಭಾರಿ ಊರಿನ ದುರ್ಗಪ್ಪ, ಮೂವತ್ತೊಂದು ವರ್ಷ ಪೊಲೀಸ ಖಾತ್ಯಾಗ ಬಂದೂಕು ರಿಪೇರಿ ಮಾಡಿ ರಿಟಾಯರ್ ಆದಾವ. ಮನಿಷ್ಯಾರ ಬಗ್ಗೆ ನನಗ ತಿಳಿಯೂದು ಅಷ್ಟಕ್ಕಷ್ಟ. ಬಂದೂಕಿನ ಬಗ್ಗೆ ಮಾತ್ರ ನನಗ ಯಾರೂ ಹೇಳೂದು ಬ್ಯಾಡ.

ನನ್ನ ವಾದ ಸೀದಾ ಇತ್ತು. ಇದು ಸೆಮಿ-ಆಟೋಮ್ಯಾಟಿಕ್ ಬಂದೂಕು. ಒಂದು ಗುಂಡು ಹಾರಿದ ಕೂಡಲೆ ಅದರ ಹೊಗಿನ ಒಳಗಿನ ಸಾಮಾನ ಹಿಂದಕ್ಕ ಒದ್ದು, ಖಾಲಿ ಕಾಡತೂಸ ಹೊರಗ ಒಗದು, ಮುಂದಿಂದು ತುಂಬತದ. ಆದ್ರ ಹೊಸ ಬಂದೂಕು ಅಂದ್ರ ಹೊಸ ಹೋರಿ ಇದ್ದಂಗ. ಸ್ಪ್ರಿಂಗ್ ಬಿಗಿ, ಮೈಯೆಲ್ಲಾ ಬಿಗಿ. ಮೊದಲ ನೂರು ಗುಂಡರೆ ಭಾರಿ ಕಾಡತೂಸ ಹಾಕಿ ಹೊಡದು ಅದನ್ನ ಪಳಗಿಸಬೇಕು. ಪಳಗಿಸಲಾರದ ಹಗೂರ ಕಾಡತೂಸ ಹಾಕಿದ್ರ ಹೊಗಿಗಿ ಅಷ್ಟು ಜೋರು ಸಾಲೂದಿಲ್ಲ. ಖಾಲಿ ಕಾಡತೂಸ ಅರ್ಧಕ್ಕ ಸಿಕ್ಕೊಂಡು ಬಂದೂಕು ಬಾಯಿ ತಕ್ಕೊಂಡು ನಿಲ್ತದ.

ಮಾಲಕ್ರ ಹೆಣದ ಹತ್ರ ಸಿಕ್ಕಿದ್ದು ಮೂರೂ ಹಗೂರ ಕಾಡತೂಸ, ಗುರಿ ಹೊಡ್ಯೋ ನಿಶಾನಿ ಆಟಕ್ಕ ಬಳಸೋ ಜಾತಿವು. ಬಾಜೂ ಹೊಲದ ಹಣಮವ್ವ ಆಣಿ ಮಾಡಿ ಹೇಳ್ಯಾಳ: "ಒಂದ ಉಸುರಿನ್ಯಾಗ ಮೂರು ಸಪ್ಪಳ ಆದ್ವುರಿ. ನಡುವ ಉಗುಳು ನುಂಗಾಕ ಹೊತ್ತಿದ್ದಿಲ್ಲ." ಹೊಸ ಬಂದೂಕಿನಿಂದ ಅದು ಆಗೂ ಮಾತಲ್ಲ. ಸಿಕ್ಕ ಕಾಡತೂಸ ಬಿಡಸಿ ಮತ್ತ ಹೊಡ್ಯಾಕ ಕೈಲಾಸಗ ಬರೂದಿಲ್ಲ. ಅವಂಗ ಸೈಕಲ್ಲಿನ ಚೈನ್ ಬಿದ್ರ ಹಾಕಾಕ ಬರೂದಿಲ್ಲ. ಅಂದಮ್ಯಾಲ ಅಂವ ಹೊಡದಿಲ್ಲ.

ಎರಡು ದಿನ ನಿದ್ದಿಗೆಟ್ಟು ಕಟ್ಟಿದ ವಾದ ಇದು. ಠಾಣಿ ಹಿಂದಿನ ಮಣ್ಣಿನ ಒಡ್ಡಿಗಿ ಅಂಥಾವ ಹಗೂರ ಮೂರು ಗುಂಡು ಹೊಡದೆ, ಮುಗೀತು. ಕುಂಬಾರಗ ವರ್ಷ, ದೊಣ್ಣಿಗಿ ನಿಮಿಷ.

"ಬ್ಯಾಸರ ಮಾಡ್ಕೋಬ್ಯಾಡ್ರಿ," ಅಂದ ಅವಿನಾಶ. "ನಿಮ್ಮ ಅಳಿಯ ಅಂತ ಇಷ್ಟರೆ ಟ್ರಾಯಲ್ ಮಾಡಾಕ ಬಿಟ್ಟೆ. ಬ್ಯಾರೆ ಸಾಹೇಬ ಇದ್ರ ಬಂದೂಕಿಗಿ ಕೈ ಹಚ್ಚಗೊಡತಿದ್ದಿಲ್ಲ. ಈಗ ಒಂದು ರಿಪೋರ್ಟ್ ಬರದುಕೊಡ್ರಿ. ನಿಮ್ಮ ಸಹಿ ಇದ್ರ ಕೋರ್ಟಿನ್ಯಾಗ ಯಾರೂ ಬಾಯಿ ತಗ್ಯಾಂಗಿಲ್ಲ."

ಅಂವ ಈ ಠಾಣೆಯ ಫೌಜದಾರ. ಹನ್ನೆರಡು ವರ್ಷದ ಹಿಂದ ಸೋಲಾಪುರದಾಗ ನನ್ನ ಕೈಕೆಳಗ ಬಂದೂಕಿನ ಕೆಲಸ ಕಲಿತಾವ. ಆಮ್ಯಾಲ ಪರೀಕ್ಷಾ ಪಾಸಾಗಿ ಸಾಹೇಬ ಆದ. ಮಂದಿ ಮುಂದ ನಾ ಅವಂಗ ಸಾಹೇಬ ಅಂತೀನಿ. ಅಂವ ನನಗ ಇವತ್ತಿಗೂ ಉಸ್ತಾದ ಅಂತಾನ. ಅದಕ್ಕ ನನಗ ಸ್ವಲ್ಪ ಸೊಕ್ಕೂ ಅದ, ಸುಳ್ಳ್ಯಾಕ ಹೇಳ್ಲಿ.

ನಾ ಬಗ್ಗಿ ಖಾಲಿ ಕಾಡತೂಸ ಆರಿಸ್ಕೊಂಡೆ. ಮೂರೂ ಒಂದರ ಬಾಜೂಕ ಒಂದು ಬಿದ್ದಿದ್ದವು, ಯಾರೋ ಕೈಲೆ ಇಟ್ಟಂಗ. ಇಷ್ಟು ಚಂದ ಒಗಿಯೂದು ಹೊಸ ಬಂದೂಕಲ್ಲ. ಆಗ ನನ್ನ ಮಡ್ಡ ತಲ್ಯಾಗ ಬೆಳಕು ಬಿತ್ತು. ನನ್ನ ವಾದ ತಪ್ಪಿರಲಿಲ್ಲ. ಈ ಬಂದೂಕಿಗಿ ಹೊಸಾದು ಅಂದದ್ದ ತಪ್ಪಿತ್ತು.

ಬೇವಿನ ಗಿಡದ ಕೆಳಗ ಶೈಲಶ್ರೀ ನಿಂತಿದ್ಲು, ಸತ್ತ ಮಾಲಕ್ರ ಮಗಳು. ರಾಜ್ಯಮಟ್ಟದಾಗ ನಿಶಾನಿ ಹೊಡ್ಯಾಕಿ, ಆಟಗಾರರ ಪರ್ಮಿಟ್ಟಿನ ಮ್ಯಾಲ ಈ ಬಂದೂಕು ಪರದೇಶದಿಂದ ತರಿಸಿದಾಕಿ. ನಾ ಸೀದಾ ಅಕಿ ಮುಂದ ಹೋಗಿ ನಿಂತೆ.

"ತಂಗಿ, ಈ ಬಂದೂಕಿನಿಂದ ಒಂದು ಗುಂಡೂ ಹೊಡದಿಲ್ಲ ಅಂತ ಹೇಳಿಕ್ಯಾಗ ಬರಸೀದಿ."

"ಹೌದ್ರಿ ಕಾಕಾ."

"ಸುಳ್ಳು."

ಅಕಿ ಮುಖ ಬಿಳಚಿತು. ಅವಿನಾಶ ಎರಡು ಹೆಜ್ಜಿ ಹತ್ರ ಬಂದ.

"ಕಮ್ಮಿ ಅಂದ್ರ ನೂರು ಗುಂಡು ತಿಂದದ ಇದು," ಅಂದೆ. "ಪಳಗಿಸೂದು ಅಂದ್ರೇನಂತ ನಿನಗ ಗೊತ್ತು. ನಿಮ್ಮ ಮನ್ಯಾಗ ಇದನ್ನ ಮುಟ್ಟಾಕಿ ನೀ ಒಬ್ಬಾಕಿನ. ಪಳಗಿಸಿ, ಹೊಸಾದು ಅಂತ ಸುಳ್ಳು ಬರಸಿ, ನಮ್ಮ ಹುಡುಗನ ಕೊಳ್ಳಿಗಿ ಕಟ್ಟಾಕತ್ತೀಯೇನು?"

ನನ್ನ ದನಿ ಜೋರಾಗಿತ್ತು. ಆ ಹುಡುಗಿ ತನ್ನ ಅಪ್ಪನ್ನ ಮಣ್ಣು ಮಾಡಿ ಎರಡು ದಿನ ಆಗಿರಲಿಲ್ಲ. ನನಗ ಸಿಟ್ಟು ಬಂದ್ರ ಹಿಂದಮುಂದ ಕಾಣೂದಿಲ್ಲ.

"ನನಗ ಪಳಗಿಸಾಕ ವ್ಯಾಳ್ಯಾ ಎಲ್ಲಿತ್ರಿ ಕಾಕಾ?" ಅಕಿ ಕಣ್ಣು ನನ್ನ ಮುಖದ ಮ್ಯಾಲ ಇತ್ತು. "ಬಂದೂಕು ಕೈಗಿ ಬಂದ ದಿನಾನ ಇಲೆಕ್ಷನ್ನಿನ ನೀತಿಸಂಹಿತಿ ಹತ್ತಿತು. ಲೈಸೆನ್ಸ್ ಇದ್ದವ್ರೆಲ್ಲಾ ಬಂದೂಕು ಠಾಣ್ಯಾಗ ಜಮಾ ಮಾಡಬೇಕಲ್ರಿ, ನಾನೂ ಮಾಡಿದೆ. ಡಬ್ಬಿ ಸೀಲ್ ಸುದ್ದಾ ಒಡದಿದ್ದಿಲ್ಲ. ಇಪ್ಪತ್ತೆರಡು ದಿನ ಇಲ್ಲೇ ಇತ್ತು. ಸೋಮವಾರ ಸಂಜಿಗಿ ವಾಪಸ ಕೊಟ್ರು, ವಸ್ತ್ಯಾಗ ಇಟ್ಟಿದ್ದೆ. ಮಂಗಳವಾರ ಅಪ್ಪಾರು..."

ಮುಂದ ಮಾತು ಬರಲಿಲ್ಲ. ಪರ್ಸಿನ್ಯಾಗಿಂದ ಒಂದು ಪಾವತಿ ಚೀಟಿ ತಗದು ನನ್ನ ಕೈಯಾಗ ಇಟ್ಲು. ಜಮಾ ಮಾಡಿದ ತಾರೀಖು, ವಾಪಸ ಕೊಟ್ಟ ತಾರೀಖು, ಠಾಣೆಯ ಶಿಕ್ಕಾ. ಇಪ್ಪತ್ತೆರಡು ದಿನ.

"ವಾಪಸ ತಗೊಳ್ಳುಮುಂದ ಸೀಲ್ ಇತ್ತೇನು?"

"ಇದ್ದಿಲ್ರಿ. ನಂಬರ ತಾಳೆ ನೋಡಾಕ ಒಡದೀವಿ ಅಂದ್ರು."

ಅಕಿ ಸುಳ್ಳು ಹೇಳಾಕತ್ತಿರಲಿಲ್ಲ. ಒಂದು ಸೋಮವಾರ ರಾತ್ರಿ, ಒಂದು ಮಂಗಳವಾರ ಹಗಲು. ಅಷ್ಟರಾಗ ನೂರು ಗುಂಡು ಹೊಡದ್ರ ಕರಜಗಿ ಊರಿಗೂರ ಎದ್ದು ಬರತಿತ್ತು. ಬಂದೂಕು ಮನಿ ಮುಟ್ಟೋಕಿಂತ ಮೊದಲ ಪಳಗಿತ್ತು. ನಾ ತಿರುಗಿ ಠಾಣೆಯ ಹಳದಿ ಗ್ವಾಡಿ ನೋಡಿದೆ.

"ಯಾರೋ ಪೋರಗೋಳು ಚೇಷ್ಟಿ ಮಾಡಿರಬೇಕು," ಅಂದ ಅವಿನಾಶ. "ನನ್ನ ಠಾಣಿ, ನಾ ಚೌಕಶಿ ಮಾಡ್ತೀನಿ. ತಾಯಿ, ನೀವು ಮನಿಗಿ ನಡೀರಿ. ನಿಮ್ಮ ಅವ್ವಾರು ಒಬ್ರ ಇರ್ತಾರ."

ಹಂಗ ಅನ್ನುಕೋತ ನನ್ನ ಕೈಯಾಗಿನ ಪಾವತಿ ತಗೊಂಡು ಮಡಚಿ ಶರ್ಟಿನ ಕಿಸೆದಾಗ ಇಟ್ಕೊಂಡ. "ಇದು ಫೈಲಿಗಿ ಬೇಕು."

ಫೈಲ್ ಅವನ ಟೇಬಲ್ ಮ್ಯಾಲ ಇತ್ತು, ಕಿಸೆದಾಗಲ್ಲ. ಇದು ನನಗ ಆಗ ಹೊಳೀಲಿಲ್ಲ. ವಯಸ್ಸಾತು.

ಒಳಗ ಸಾಹೇಬನ ಖೋಲ್ಯಾಗ ಪೇಪರ್ ಹಾಸಿ ಬಂದೂಕು ಬಿಚ್ಚಾಕ ಕುಂತೆ. ಅವಿನಾಶಗ ಫೋನ್ ಬಂತು, ಹೊರಗ ಹೋದ. ಕಿಟಕ್ಯಾಗಿಂದ ಠಾಣೆಯ ಕಟ್ಟಿ ಕಾಣತಿತ್ತು. ಕಟ್ಟಿ ಮ್ಯಾಲ ನನ್ನ ತಂಗಿ ಭಾಗಾಬಾಯಿ ಊಟದ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ಲು. ಮುಂಜಾನಿ ಎಂಟರಿಂದ ಕುಂತಾಳ. ಮಗ ತಿಂದಿಲ್ಲಂತ ತಾನೂ ತಿಂದಿಲ್ಲ.

ಮುಂಜಾನಿ ನಾ ಅವಿನಾಶನ ಜೋಡಿ ಲಾಕಪ್ಪಿಗಿ ಹೋಗಿದ್ದೆ. ಕೈಲಾಸ ಗ್ವಾಡಿಗಿ ಬೆನ್ನು ಹಚ್ಚಿ ಕುಂತಿದ್ದ.

"ನೀ ಹೊಡದಿಲ್ಲ," ಅಂದೆ.

"ನಾನ ಹೊಡದೀನಿ ಮಾಮಾ. ನೀ ಇದರಾಗ ಬೀಳಬ್ಯಾಡ."

"ಯಾಕ ಹೊಡದಿ?"

"ಕಾಜಲಗ ನೋಡ್ಕೊ ಮಾಮಾ."

ಕಾಜಲ ಅವನ ಹೆಂಡ್ತಿ, ಐದು ತಿಂಗಳ ಬಸರಿ. ಬುಧವಾರ ಮುಂಜಾನಿ ಠಾಣೆಯವ್ರ ಜೀಪಿನ್ಯಾಗ ತವರಮನಿಗಿ ಬಿಟ್ಟುಬಂದಾರ, ಊರಾಗ ಮಂದಿ ಮಾತಾಡ್ತಾರಂತ, ಅಂತ ಭಾಗಾಬಾಯಿ ಹೇಳಿದ್ಲು. ಎಂಥಾ ಒಳ್ಳೆ ಸಾಹೇಬ ಅಂತ ಕೈ ಮುಗದಿದ್ಲು ನನ್ನ ತಂಗಿ. ನಾನೂ ಹೌದು ಅಂದಿದ್ದೆ.

ಬಂದೂಕಿನ ಮುಂದಿನ ಕಟ್ಟಿಗಿ ಬಿಚ್ಚಿದೆ. ಒಳಗ ಫ್ಯಾಕ್ಟರಿಯ ಗ್ರೀಸ್ ಇರಬೇಕಿತ್ತು, ದಪ್ಪಗ, ಹಳದಿ. ಇರಲಿಲ್ಲ. ಎಲ್ಲಾ ಒರಸಿ ಹೊಸದಾಗಿ ಎಣ್ಣಿ ಹಚ್ಚಿದ್ರು. ಜಾರೋ ಕಡ್ಡಿ ಮ್ಯಾಲ ಉದ್ದಕ ಮಿರಿಮಿರಿ ಗೆರಿ. ನೂರೇನು, ನೂರೈವತ್ತು ಗುಂಡಿರಬೇಕು.

ಸೂಜಿ ತಗೊಂಡು ಒಂದು ಸಂದಿ ಕೆದರಿದೆ. ಪೇಪರ್ ಮ್ಯಾಲ ಚಿಟಿಕಿ ಪುಡಿ ಬಿತ್ತು. ಬೂದಿಬಣ್ಣ, ಬೆರಳಿಗಿ ಖರಖರ. ಕರಜಗಿಯ ಮಣ್ಣು ಕರಿ, ಈ ಠಾಣೆಯ ಅಂಗಳದ ಮಣ್ಣೂ ಕರಿ. ಇದು ಖಡಿ ಮಷೀನಿನ ಪುಡಿ, ಕಲ್ಲು ಒಡ್ಯೋ ಜಾಗಾದ್ದು. ನಮ್ಮ ಕಡಿ ಅದು ಇರೂದು ಬೋರಾಮಣಿ ದಿಕ್ಕಿಗಿ, ಹುಲ್ಲುಗಾವಲಿನ ಆಚಿ. ಅಲ್ಲಿ ದಿನಾ ಕಲ್ಲಿಗಿ ಮದ್ದು ತುಂಬಿ ಸುರಂಗ ಹಾರಸ್ತಾರ. ಅದರ ನಡುವ ನೂರು ಗುಂಡು ಹೊಡದ್ರ ನಾಯಿ ಸುದ್ದಾ ಕಿವಿ ಎತ್ತೂದಿಲ್ಲ.

ಚಲೋ ಜಾಗಾ ಹುಡುಕ್ಯಾನ ಮಗಾ, ಅಂತ ಅನ್ಕೊಂಡೆ. ಪುಡಿ ಧೋತ್ರದ ಅಂಚಿನ್ಯಾಗ ಕಟ್ಕೊಂಡೆ.

ಆಮ್ಯಾಲ ಎಣ್ಣಿ ಹತ್ತಿದ ಬೆರಳು ಮೂಗಿಗಿ ಹಿಡದೆ.

ಲವಂಗ.

ಮತ್ತೊಮ್ಮೆ ಮೂಸಿ ನೋಡಿದೆ.

ಇದನ್ನ ಹೇಳಲೇಬೇಕು. ಬಂದೂಕಿಗಿ ಅಂಗಡಿ ಎಣ್ಣಿ ನಾ ಎಂದೂ ಹಚ್ಚಿದಾವಲ್ಲ. ನಮ್ಮ ಸೋಲಾಪುರದಾಗ ಚಾದರ ನೇಯೋ ಮಗ್ಗಕ್ಕ ಹಾಕ್ತಾರಲ್ಲ ಸ್ಪಿಂಡಲ್ ಎಣ್ಣಿ, ತೆಳ್ಳಗ ನೀರಿನಂಥಾದ್ದು, ಅದನ್ನ ತಗೊಂಡು ನಾಕು ಹನಿ ಲವಂಗದ ಎಣ್ಣಿ ಕಲಸ್ತೀನಿ. ತುಕ್ಕು ಹತ್ತೂದಿಲ್ಲ. ನನ್ನ ಉಸ್ತಾದ ಕಾಮಣ್ಣ ಕಲಿಸಿದ್ದು; ಅಂವ ಸತ್ತು ಇಪ್ಪತ್ತು ವರ್ಷ ಆತು. ಬಾಕಿ ಮಂದಿ ನಗತಿದ್ರು, ಹಲ್ಲುಬ್ಯಾನಿ ಔಷಧ ಅಂತಿದ್ರು. ನನ್ನ ಕೈಲೆ ಇದನ್ನ ಕಲಿತಾವ ಒಬ್ಬನ.

ಇಪ್ಪತ್ತೆರಡು ದಿನ ಬಂದೂಕು ಅವನ ಠಾಣ್ಯಾಗ ಇತ್ತು. ಕೈಲಾಸನ ಹೇಳಿಕಿ ಬರಕೊಂಡಾವ ಅಂವ. ಕಾಜಲನ್ನ ಜೀಪಿನ್ಯಾಗ ಕಳಿಸಿದಾವ ಅಂವ. ಮುಂಜಾನಿ "ನಾನ ಹೊಡದೀನಿ" ಅನ್ನುಮುಂದ ಕೈಲಾಸ ನನ್ನ ಮುಖ ನೋಡಿರಲಿಲ್ಲ. ನನ್ನ ಹೆಗಲ ಮ್ಯಾಲಿಂದ ಹಿಂದ ನೋಡತಿದ್ದ. ಹಿಂದ ನಿಂತಾವ ಯಾರಿದ್ದ?

ನಾ ಬೆರಳು ಒರಸಿಕೊಂಡೆ. ವಾಸನಿ ಹೋಗಲಿಲ್ಲ.

ಬಾಗಲಾ ಮುಚ್ಚಿದ ಸಪ್ಪಳ ಆತು. ಅವಿನಾಶ ಒಳಗ ಬಂದು ನನ್ನ ಎದುರು ಕುರ್ಚಿ ಎಳಕೊಂಡು ಕುಂತ.

"ಏನರೆ ಸಿಕ್ತೇನ್ರಿ ಉಸ್ತಾದ?"

"ಏನೂ ಇಲ್ಲ ಸಾಹೇಬ. ಸ್ವಚ್ಛ ಅದ."

ಅಂವ ನನ್ನ ಕೈ ನೋಡಿದ. ಬಹಳ ಹೊತ್ತು ನೋಡಿದ.

"ಲವಂಗದ ವಾಸನಿ ಬಂತಿಲ್ಲೊ?"

ಲವಂಗದ ಹೆಸರು ನಾ ತಗದಿರಲಿಲ್ಲ. ಯಾರೂ ತಗದಿರಲಿಲ್ಲ. ಅಂವ ಅದನ್ನ ಹೇಳಿದ ರೀತಿ ಹ್ಯಾಂಗಿತ್ತಂದ್ರ, ಊಟ ಆತೇನ್ರಿ ಅಂತ ಕೇಳಿದಂಗಿತ್ತು.

"ಅವಿನಾಶ," ಅಂದೆ. ಸಾಹೇಬ ಅನ್ನಾಕ ನಾಲಿಗಿ ಹೊರಳಲಿಲ್ಲ. "ಯಾಕ ಮಾಡಿದಿ?"

"ಹೊಸ ಬಂದೂಕನ್ನ ನಂಬಬ್ಯಾಡ, ಪಳಗಿಸಲಾರದ ಯಾರ ಕೈಯಾಗೂ ಕೊಡಬ್ಯಾಡ. ನೀವ ಕಲಿಸಿದ್ದಲ್ರಿ. ನೂರಾ ನಲವತ್ತು ಗುಂಡು ಹೊಡದೆ. ಬಿಚ್ಚಿ ಒರಸಿದೆ. ಎಣ್ಣಿ ಹಚ್ಚುಮುಂದ ಕೈ ತಾನ ಲವಂಗದ ಬಾಟ್ಲಿಗಿ ಹೋತು. ಏನ್ ಮಾಡ್ಲಿ, ಹನ್ನೆರಡು ವರ್ಷದ ರೂಢಿ. ಹಚ್ಚಿದ ಮ್ಯಾಲ ನೆನಪಾತು. ಇದನ್ನ ಗುರ್ತು ಹಿಡ್ಯಾವ ಒಬ್ಬನ ಅದಾನ, ಅಂವಾ ಕುಂಭಾರ್ಯಾಗ ಎಮ್ಮಿ ಕಾಯಾಕತ್ತಾನ ಅಂತ ಬಿಟ್ಟೆ."

"ನಾ ಅದನ್ನ ಕೇಳಲಿಲ್ಲ. ಶಿವಶರಣಪ್ಪನ್ನ ಯಾಕ ಕೊಂದಿ?"

"ಅದು ನಿಮಗ ಬ್ಯಾಡ್ರಿ."

ಗುರುವಿಗಿ ತಿರುಮಂತ್ರ ಅಂತಾರ. ನನಗ ಸಿಟ್ಟು ಬರಬೇಕಿತ್ತು, ನಾ ಅಂಥಾ ಮನಿಷ್ಯಾ. ಬರಲಿಲ್ಲ. ಈ ಹುಡುಗಗ ನಾ ನನ್ನ ಮನ್ಯಾಗ ಊಟಕ್ಕ ಹಾಕೀನಿ. ಅವನ ಬೆರಳು ಹಿಡದು ಟ್ರಿಗರ್ ಎಳ್ಯೋದು ಕಲಿಸೀನಿ.

"ನಾ ಕೋರ್ಟಿನ್ಯಾಗ ಹೇಳ್ತೀನಿ," ಅಂದೆ.

ಅಂವ ಒಂದು ಬಿಳಿ ಕಾಗದ ನನ್ನ ಮುಂದ ಸರಿಸಿದ. ಅದರ ಮ್ಯಾಲ ಪೆನ್ ಇಟ್ಟ. ಆಮ್ಯಾಲ ತನ್ನ ಫೋನ್ ತಗದು ಒಂದು ನಂಬರ ಹಚ್ಚಿ ನನ್ನ ಕಿವಿಗಿ ಹಿಡದ.

"ಮಾಮಾ?"

ಕಾಜಲ.

"ಮಾಮಾ, ನಾ ತವರಮನ್ಯಾಗಿಲ್ರಿ. ಎಲ್ಲೋ ಒಂದು ಖೋಲ್ಯಾಗ ಕುಂದ್ರಿಸ್ಯಾರ. ಊಟ ಕೊಡ್ತಾರ. ನನಗ ಹೆದರಿಕಿ ಆಗ್ತದ ಮಾಮಾ. ಅವ್ರು ಹೇಳಿದಂಗ ಮಾಡ್ರಿ. ಹೊಟ್ಟ್ಯಾಗಿನ ಕೂಸು..."

ಅಕಿ ಅಳಾಕತ್ಲು. ಅಳು ಹಿಂದ ಒಂದು ಸಪ್ಪಳ ಇತ್ತು. ಖಡಖಡ, ಖಡಖಡ, ಒಂದೇ ಸವನ. ಕಬ್ಬಿಣದ ದವಡ್ಯಾಗ ಕಲ್ಲು ಅರಿಯೋ ಸಪ್ಪಳ.

ಫೋನ್ ಕಟ್ಟಾತು. ನಾ ಮುಖದ ಮ್ಯಾಲ ಏನೂ ತೋರಗೊಡಲಿಲ್ಲ. ಧೋತ್ರದ ಅಂಚಿನ್ಯಾಗ ಕಟ್ಟಿದ ಪುಡಿ ಅಂವ ನೋಡಿರಲಿಲ್ಲ.

"ಬರೀರಿ," ಅಂದ ಅವಿನಾಶ. "ಬಂದೂಕು ಹೊಸಾದು. ಪಳಗಿಸಿದ್ದಲ್ಲ. ಆದ್ರೂ ಹಗೂರ ಕಾಡತೂಸಿಗೂ ಚಲೋ ನಡೀತದ, ಕಂಪನಿ ಮಾಲು ಒಳ್ಳೇದು. ಕೈಲಾಸನಂಥಾ ಕಲೀಲಾರದಾವನೂ ಮೂರು ಗುಂಡು ಹೊಡೀಬಹುದು. ಕೆಳಗ ಸಹಿ."

"ಬರದ್ರ ಕಾಜಲಗ ಬಿಡ್ತಿ?"

"ಕೈಲಾಸ ಕೋರ್ಟಿನ್ಯಾಗ ಒಪ್ಪಿಕೊಂಡ ಮ್ಯಾಲ."

ಗಡಿಯಾರದಾಗ ಒಂದೂ ಕಾಲು. ಕಾಜಲ ಇರೋ ಬೋರಾಮಣಿ ಕಡೆಯ ಖಡಿ ಮಷೀನಿಗಿ ಇಲ್ಲಿಂದ ಮುಕ್ಕಾಲು ತಾಸಿನ ದಾರಿ. ಈ ಖೋಲಿ ಬಿಟ್ಟು ಎದ್ದು ಹೋಗಬೇಕಂದ್ರ ಅಂವ ನನ್ನ ಮ್ಯಾಲ ನಂಬಿಕಿ ಇಡಬೇಕು. ನಂಬಿಕಿ ಇಡಬೇಕಂದ್ರ ಈ ಕಾಗದದ ಮ್ಯಾಲ ನನ್ನ ಸಹಿ ಬೀಳಬೇಕು. ಸಹಿ ಬಿದ್ರ, ಮುಂದ ನಾ ಏನ್ ಬೊಬ್ಬಿ ಹೊಡದ್ರೂ, ನನ್ನ ತಂಗಿ ಮಗನ್ನ ಕೊಲೆಗಾರ ಅಂದಾವ ನಾನ ಆಗ್ತೀನಿ.

ಪೆನ್ ಎತ್ತಿದೆ. ಬರದೆ. ಮೂವತ್ತೊಂದು ವರ್ಷ ಖಾತ್ಯಾಗ ಒಂದೂ ಸುಳ್ಳು ರಿಪೋರ್ಟ್ ಬರದಾವಲ್ಲ ನಾ. ಎಂಟು ಸಾಲು. ಅಕ್ಷರ ಎಲ್ಲಾ ಸೊಟ್ಟ ಬಂದ್ವು. ಕೆಳಗ ಸಹಿ ಹಾಕಿದೆ.

ಅವಿನಾಶ ಓದಿದ. ಗೋಣು ಹಾಕಿದ. ಎದ್ದು ಬಾಗಲಾ ತಗದು ಹೊರಗ ದನಿ ಕೊಟ್ಟ: "ಭಾಗಾಬಾಯಿ, ಒಳಗ ಬರ್ರಿ. ಸಾಕ್ಷಿಗಿ ಒಂದು ಹೆಬ್ಬಟ್ಟು ಬೇಕು."

"ಅಕಿ ಯಾಕ?" ಅಂದೆ. ಎದ್ದು ನಿಂತುಬಿಟ್ಟಿದ್ದೆ.

"ಮನಿ ಮಂದೀದ ಸಾಕ್ಷಿ ಇದ್ರ ಗಟ್ಟಿ ಇರ್ತದ್ರಿ, ಉಸ್ತಾದ."

ನನ್ನ ತಂಗಿ ಡಬ್ಬಿ ಎದಿಗಿ ಅವಚಿಕೊಂಡು ಒಳಗ ಬಂದ್ಲು. ಸಾಹೇಬಗ ಕೈ ಮುಗದ್ಲು. ಟೇಬಲ್ ಮ್ಯಾಲಿನ ಕಾಗದ ನೋಡಿದ್ಲು, ಅದರ ಕೆಳಗಿನ ನನ್ನ ಸಹಿ ನೋಡಿದ್ಲು. ಓದಾಕ ಬರೂದಿಲ್ಲ ಅಕಿಗಿ, ನನ್ನ ಸಹಿ ಒಂದು ಗುರ್ತು ಸಿಗ್ತದ. ಎರಡು ದಿನದಾಗ ಮೊದಲ ಸಲ ಅಕಿ ಮುಖದಾಗ ನಗಿ ಬಂತು.

ಹೆಬ್ಬಟ್ಟು ಶಾಯಿಗಿ ಒತ್ತಿ, ಕಾಗದದ ಮ್ಯಾಲ ಹಿಡದು, ನನ್ನ ಕಡಿ ತಿರುಗಿದ್ಲು.

"ಅಣ್ಣಾ, ನಮ್ಮ ಕೈಲಾಸ ಹೊಡದಿಲ್ಲಂತ ಬರದೀಯಲ್ಲ? ಒತ್ತಲೇನು?"